ಸೋತ ವಕೀಲರ ಮಾತು

ಲಾ ಕಾಲೇಜಿನ ಮೊದಲ ವರ್ಷದವರಿಗೆ ತೀರ್ಪು ಓದುವುದು, ಅದನ್ನು ಉಲ್ಲೇಖಿಸಿ ಬರೆಯುವುದು ಕಲಿಸಿ ಕಲಿಸಿ ನನ್ನ ಗಂಟಲು ಹರಿದಿದೆ. ಯಾವ ತೀರ್ಪು, ಯಾವ ಪುಟ, ಯಾರ ಮಾತು, ಇಷ್ಟು ಬರೆಯಿರಪ್ಪಾ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಪ್ರಬಂಧ ನೋಡಿದರೆ ಮೊಬೈಲಿನಿಂದ ಎತ್ತಿ ಅಂಟಿಸಿದ ನಾಲ್ಕು ಸಾಲು. ಸಾಕಪ್ಪಾ ಸಾಕು ಅನಿಸಿಬಿಟ್ಟಿದೆ.

ಆ ಸಂಜೆಯೂ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ ಅವನ್ನೇ ತಿದ್ದುತ್ತ ಕೂತಿದ್ದೆ. ಪಕ್ಕದಲ್ಲಿ ನನ್ನ ವಿದ್ಯಾರ್ಥಿನಿ. ಇಬ್ಬರದೂ ತಿಕೋಟಾನೇ. ಅವಳ ಪ್ರಬಂಧ ಕೈಗೆ ಬಂತು. ಬಹಳ ವರ್ಷ ಓಡಾಡಿದ ದಾರಿಯನ್ನು ಯಾರೂ ಮುಚ್ಚುವಂತಿಲ್ಲ ಎಂದು ಹೈಕೋರ್ಟ್ ಹೇಳಿದೆ ಎಂದು ಬರೆದು, ತೀರ್ಪಿನ ಪ್ರತಿಯನ್ನೂ ಜೋಡಿಸಿದ್ದಳು. ಪರವಾಗಿಲ್ಲವೇ ಎಂದುಕೊಂಡು ಆ ಪುಟ ತೆಗೆದೆ.

“ಯವ್ವಾ, ಇದು ಕೋರ್ಟಿನ ಮಾತಲ್ಲ. ವಕೀಲರು ಹಿಂಗ ವಾದ ಮಾಡಿದ್ರು ಅಂತ ಜಡ್ಜರು ಮೊದಲ ಬರದಾರ. ಎರಡು ಪುಟ ದಾಟಿ ನೋಡು. ಒಪ್ಪಿಗಿ ಮ್ಯಾಲ ಓಡಾಡಿದ್ದು ಹಕ್ಕಾಗೂದಿಲ್ಲ ಅಂತ ಆ ವಾದಾನ ತಳ್ಳಿಹಾಕ್ಯಾರ. ಇದು ಸೋತ ವಕೀಲರ ಮಾತು.”

ಅಂಕ ಹೋಯಿತೆಂದು ಮುಖ ಸಣ್ಣದು ಮಾಡುತ್ತಾಳೆ ಎಂದುಕೊಂಡೆ. ಅವಳು ಪ್ರತಿ ಕಸಿದುಕೊಂಡು ಆ ಪುಟಗಳನ್ನು ಓದಿದಳು.

“ಮೇಡಂ, ಇದನ್ನ ನಾ ಮೊನ್ನೆನ ಅಪ್ಪಗ ಓದಿ ಹೇಳೀನ್ರಿ.”

ಅವರ ಹೊಲಕ್ಕೆ ದೊಡ್ಡಪ್ಪನ ದ್ರಾಕ್ಷಿ ತೋಟದ ನಡುವೆಯೇ ದಾರಿ. ತಮ್ಮನಲ್ಲವೇ ಎಂದು ಇಷ್ಟು ವರ್ಷ ಬಿಟ್ಟಿದ್ದ ದೊಡ್ಡಪ್ಪ ಈಗ ಅಲ್ಲಿಯೂ ಬಳ್ಳಿ ಹಚ್ಚಬೇಕೆಂದಿದ್ದ. ಬದಲಿಗೆ ಬದುವಿನ ಗುಂಟ ಟ್ರ್ಯಾಕ್ಟರ್ ಹೋಗುವಷ್ಟು ಜಾಗ ಬಿಡುತ್ತೇನೆ, ಕಾಗದ ಮಾಡಿಕೊಡುತ್ತೇನೆ ಎಂದಿದ್ದ. ಅಪ್ಪ ಒಪ್ಪುವುದರಲ್ಲಿದ್ದ. ಇವಳು ಓದಿದ್ದನ್ನು ಕೇಳಿ ಎದೆಯುಬ್ಬಿಸಿ ಹೋಗಿ, “ನಿನ್ನ ಬದು ನೀನ ಇಟ್ಕೊ, ನನ್ನ ಮಗಳು ಹೈಕೋರ್ಟಿನ ತೀರ್ಪು ತಗದಾಳ” ಎಂದು ನಾಲ್ಕು ಜನರ ಮುಂದೆ ಅಂದು ಬಂದಿದ್ದನಂತೆ.

ಪುಟ ತಿರುವಿ ನೋಡದ ಸೋಮಾರಿತನಕ್ಕೆ ನಾನು ಹೆಚ್ಚೆಂದರೆ ಎರಡು ಅಂಕ ಕಳೆಯುತ್ತೇನೆ. ಅಂಥ ತಪ್ಪು ಯಾರದೋ ಹೊಲದ ದಾರಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ತಿಕೋಟಾದಲ್ಲಿ ಇಳಿದಾಗ ಅವಳ ಅಪ್ಪ ಬೈಕ್ ಹಿಡಿದು ನಿಂತಿದ್ದ. ನನ್ನನ್ನು ನೋಡಿ, “ನಮಸ್ಕಾರ್ರಿ ಮೇಡಂ, ಚೊಲೊ ಕಲಿಸೀರಿ ನಮ್ಮ ಹುಡುಗಿಗಿ” ಎಂದ. ನೆಲ ಬಾಯಿಬಿಡಬಾರದೇ ಅನಿಸಿತು. ಹುಡುಗಿ ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು. ಅವನು ಬೈಕಿಗೆ ಸ್ಟ್ಯಾಂಡ್ ಹಾಕಿ, “ಪೂರಾ ಓದು” ಎಂದ. ಅವಳು ಒಂದೊಂದು ಸಾಲೂ ಕನ್ನಡದಲ್ಲಿ ಬಿಡಿಸಿ ಹೇಳಿದಳು.

“ಬೈಕ್ ಹತ್ತು. ಅಣ್ಣನ ಮನಿಗಿ ಹೋಗೂಣು. ಹುಡುಕಿದಾಕಿ ನೀನ, ನೀನ ಹೇಳಬೇಕು.”

ಮರುದಿನ ತರಗತಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

“ಏನಾತವ್ವಾ?”

“ದೊಡ್ಡಪ್ಪ ಚಾ ಕೊಟ್ಟಾನ್ರಿ. ದಾರಿ ಮಾತ್ರ ಕೊಡಂಗಿಲ್ಲ ಅಂದಾನ. ಬದುವಿನ ಗುಂಟಾನೂ ಇಲ್ಲಂತ್ರಿ.”

“ಅಪ್ಪ ಬೈದ್ರೇನು?”

“ಇಲ್ರಿ. ಇನ್ನೊಂದು ತೀರ್ಪು ಹುಡುಕು, ನೀ ಹೇಳಿದ್ರ ನಂಬತೇನಿ ಅಂದಾನ.” ಅವಳು ತಲೆಯೆತ್ತಲಿಲ್ಲ. “ಬೈದಿದ್ರ ಚೊಲೊ ಇತ್ರಿ ಮೇಡಂ.”