ಒಂದೇ ಸಲ ಬಂದ ಕ್ರಿಯಾಪದ

ಅನುವಾದಕಿ ಕೆಲಸಕ್ಕೆ ಮರಳಿದಾಗ ಅವಳ ಮಗು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು. ಹೆತ್ತವಳಿಗೂ ಅದನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಹಾಲು ಹಿಂಡಿ ಕೊಟ್ಟು, ಗಾಜಿನಾಚೆಯಿಂದ ಕಣ್ತುಂಬ ನೋಡಿ ಬರಬೇಕಿತ್ತು.

“ಮನೇಲಿ ಕೂತು ಗೋಡೆ ನೋಡೋದಕ್ಕಿಂತ ನಾಲ್ಕು ಅಕ್ಷರ ನೋಡು, ಹೋಗು ತಾಯಿ. ಆಸ್ಪತ್ರೇಲಿ ನಾನಿರ್ತೀನಿ” ಎಂದು ಅತ್ತೆಯೇ ಅವಳನ್ನು ಹೊರಡಿಸಿದ್ದರು.

ಕಚೇರಿಯೆಂದರೆ ಮಹಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಗೋಡೆಯೇ ಕಾಣದಷ್ಟು ನಿಘಂಟುಗಳು. ಬೈಬಲ್ಲಿನ ಹೀಬ್ರೂ ಹಾಡುಗಳನ್ನು ಹೊಸದಾಗಿ ನಮ್ಮ ಮಾತಿಗೆ ತರುವ ಕೆಲಸ. ಎದುರು ಮೇಜಿನಲ್ಲಿ ಅವಳಿಗೆ ಹೀಬ್ರೂ ಕಲಿಸಿದ ಮೇಷ್ಟ್ರು; ಒಂದು ಪದ ಕೈಗೆ ಸಿಕ್ಕರೆ ಊಟದ ಪರಿವೆಯೇ ಇಲ್ಲದ ಮನುಷ್ಯ.

ಅಂದು ಸಿಕ್ಕಿದ್ದು ‘ಕಾಮಹ್’.

“ಇಡೀ ಗ್ರಂಥದಲ್ಲಿ ಒಂದೇ ಒಂದು ಸಲ ಬರುತ್ತಮ್ಮ ಇದು” ಎಂದರು ಮೇಷ್ಟ್ರು. “ನಮ್ಮ ಕಾಮ ಅಂದ್ಕೊಂಡು ಹಿಗ್ಗಬೇಡ. ಸದ್ದು ಒಂದೇ, ನೆಂಟಸ್ತನ ಇಲ್ಲ. ಇದರ ದಾಯಾದಿ ಅರಬ್ಬೀಲಿದೆ ಅಂತಾರೆ. ಅಲ್ಲಿ ಕಣ್ಣು ಮಂಜಾಗೋದು, ಮುಖ ಬಿಳಿಚಿಕೊಳ್ಳೋದು ಅಂತ ಅರ್ಥ. ನಾವು ‘ಬಯಸಿತು’ ಅಂತ ಹಾಕಿ ಮುಗಿಸೋಣ.”

“ಬಯಸಿದ್ದು ಯಾರು ಮೇಷ್ಟ್ರೇ?”

“ನೀರಿಲ್ಲದ ನೆಲದಲ್ಲಿ ನಿಂತವನೊಬ್ಬ ದೇವರಿಗೆ ಹೇಳ್ತಿದ್ದಾನೆ. ಬಾಯಾರಿದ್ದು ಅವನ ಜೀವ. ಈ ಕ್ರಿಯಾಪದದ ಕರ್ತೃ ಮಾತ್ರ ಅವನ ಮೈ. ಬರೀ ಮಾಂಸ.”

ಅಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ಯಾರದೋ ಕೂಸು ಕಿಟಾರನೆ ಅತ್ತಿತು. ತನ್ನದಲ್ಲ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ. ಜುಮ್ಮೆಂದು ಹಾಲಿಳಿದು ಅಂಗಿ ಒದ್ದೆಯಾಯಿತು. ಅವಳು ಶಾಲು ಎಳೆದುಕೊಂಡಳು. ಮೇಷ್ಟ್ರು ಎದ್ದು, ತೆರೆದೇ ಇದ್ದ ಕಿಟಕಿಯನ್ನು ತೆರೆಯುವವರಂತೆ ಅತ್ತ ತಿರುಗಿ ನಿಂತರು.

“‘ಬಯಸಿತು’ ಸಾಲದು ಮೇಷ್ಟ್ರೇ” ಎಂದಳು. “ಬಯಸೋದನ್ನ ಬೇಡ ಅಂತ ಬಿಡಬಹುದು. ಮೈಗೆ ಬುದ್ಧಿ ಹೇಳೋಕಾಗಲ್ಲ.”

“ಹಾಗಾದ್ರೆ ಏನಂತ ಹಾಕ್ತೀಯ?”

“ಹಂಬಲಿಸಿ ಸೊರಗಿತು.”

ಅವರು ಕಿಟಕಿಯತ್ತಲೇ ಮುಖ ಮಾಡಿ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು. “ಬರಿ” ಎಂದರು. ಆಮೇಲೆ, “ಬರೆದು ಹೊರಡು. ಮಿಕ್ಕಿದ್ದು ನಾಳೆ.”

ಆಸ್ಪತ್ರೆಯಲ್ಲಿ ಅತ್ತೆ ಬಾಗಿಲಿಗೇ ಓಡಿ ಬಂದರು. “ಬೇಗ ಕೈ ತೊಳ್ಕೋ. ಇವತ್ತು ಸ್ವಲ್ಪ ಹೊತ್ತು ಎತ್ಕೋಬಹುದಂತೆ!”

ನರ್ಸ್ ಕೂಸನ್ನು ತಂದು ಅವಳ ಬರಿಯ ಎದೆಯ ಮೇಲೆ ಮಲಗಿಸಿದಳು. ತೂಕವೇ ಇಲ್ಲ, ಬಿಸಿ ಮಾತ್ರ. ಪುಟ್ಟ ಬಾಯಿ ಅತ್ತಿತ್ತ ತಡಕಾಡಿ, ಮೊಲೆಗೆ ತಾಗಿ, ಹಿಡಿಯುವಷ್ಟರಲ್ಲಿ ದಣಿದು ನಿದ್ದೆ ಹೋಯಿತು.

“ಸಾಕಮ್ಮ, ಇನ್ನು ಒಳಗೆ ಮಲಗಿಸ್ತೀನಿ” ಎಂದಳು ನರ್ಸ್.

“ಇನ್ನೊಂದು ಸ್ವಲ್ಪ...”

“ನಾಳೆ ಬನ್ನಿ. ನಾಳೆ ಇನ್ನೂ ಗಟ್ಟಿಯಾಗಿರ್ತಾಳೆ.”

ಮೆಟ್ಟಿಲಿಳಿಯುವಾಗಲೂ ಅವಳ ಎಡತೋಳು ಕೂಸನ್ನು ಹಿಡಿದ ಹಾಗೇ ಮಡಚಿತ್ತು. ಅತ್ತೆ ಅದನ್ನು ಕಂಡರು. ಅವಳ ಹೆಗಲಿನ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.