ಮಹಿಬೂಬ ಬೇಡವೆಂದ ಹಳದಿ ಶೀಟು

ತಗಡಿನ ಮನೆಗೆ ಬಿಸಿಲು ತಡೆಯುವ ಯಾವ ಸಾಮಾನು ಹಾಕಬೇಕು ಎಂದು ಕೇಳಿದವರಿಗೆ ಮಹಿಬೂಬ ಮೊದಲು ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ, ಇಕ್ಕಳ ತೆಗೆಯುತ್ತಿದ್ದ. ಥರ್ಮೊಕೋಲ್ ಇರಲಿ, ಫೋಮ್ ಇರಲಿ, ಉಗುರಿನಷ್ಟು ಚೂರು ಮುರಿದು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ, ಆ ಹೊಗೆಯನ್ನು ಮನೆಯವರ ಮೂಗಿನ ಹತ್ತಿರ ತರುತ್ತಿದ್ದ. ಗಿರಾಕಿ ಕೆಮ್ಮಿ, ಕಣ್ಣೊರೆಸಿಕೊಂಡು, ಸಿಟ್ಟು ಮಾಡಿಕೊಂಡ ಮೇಲೆಯೇ ಮುಂದಿನ ಮಾತು. ಹೀಗೆ ಮಾಡಿದರೆ ಯಾರು ಕೆಲಸ ಕೊಡುತ್ತಾರೆ ಮಾರಾಯ ಎಂದು ನಾನು ಎಷ್ಟೋ ಸಲ ಛೇಡಿಸಿದ್ದೇನೆ. ಕೊಡದವರು ಕೊಡುವುದು ಬೇಡ ಎನ್ನುತ್ತಿದ್ದ.

ನಾನು ಮೋಹನದಾಸ. ಊರು ಕುಂದಾಪುರದ ಕಡೆ. ಮಹಾರಾಷ್ಟ್ರದ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ರಸ್ತೆಯಲ್ಲಿ, ಬಿಡಕಿನ್ ಹತ್ತಿರ ನನ್ನ ಹೋಟೆಲು. ಮಹಿಬೂಬ ಇಂಡಿ ತಾಲೂಕಿನವನು. ಹತ್ತು ವರ್ಷ ನಾಸಿಕದಲ್ಲಿ ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳ ಗೋಡೆಗೆ ಫೋಮ್ ಕೂರಿಸುತ್ತಿದ್ದ. ಅಣ್ಣನದೂ ಅದೇ ಕೆಲಸ. ಒಂದು ಮಧ್ಯಾಹ್ನ ವೆಲ್ಡಿಂಗಿನ ಕಿಡಿ ಫೋಮಿಗೆ ಹಾರಿತು. ಎಲ್ಲರೂ ಹೊರಗೆ ಓಡಿ ಬಂದರು, ಅಣ್ಣನೂ ಬಂದ. ಬಂದವನು, ಹತಾರದ ಚೀಲ ಒಳಗೆ ಉಳಿಯಿತು, ಎರಡು ನಿಮಿಷ ಎಂದು ತಿರುಗಿ ಹೋದ. ಹೆಣವನ್ನು ಹೊರಗೆ ತಂದಾಗ ಮೈಮೇಲೆ ಸುಟ್ಟ ಗಾಯ ಒಂದೂ ಇರಲಿಲ್ಲವಂತೆ. ಹೊಗೆಯೇ ಸಾಕಾಗಿತ್ತು. ಆಮೇಲೆ ಮಹಿಬೂಬ ನಾಸಿಕ ಬಿಟ್ಟು ಈ ಕಡೆ ಬಂದ. ಇಕ್ಕಳ ಕೈಗೆ ಬಂದದ್ದು ಆಗಲೇ.

ಕಳೆದ ಮಾರ್ಚ್‌ನಲ್ಲಿ ಅವನೇ ನನ್ನ ಹೋಟೆಲಿನ ಹಳೆಯ ತಂಪು ಕೋಣೆಯನ್ನು ಕಿತ್ತ. ಗೋಡೆಯೊಳಗಿಂದ ಫೋಮಿನ ಶೀಟುಗಳು ಬಂದವು. ಕಡಲೆಹಿಟ್ಟಿನ ಬಣ್ಣ, ಕೈಗೆ ಹಗುರ, ಒಂದೂ ಮುಕ್ಕಾಗಿರಲಿಲ್ಲ.

"ಯಾರಿಗೂ ಕೊಡಬ್ಯಾಡ್ರಿ ಅಣ್ಣಾರ," ಎಂದ. "ಒಡದು ಪುಡಿ ಮಾಡಿ ಕಸಕ್ಕ ಹಾಕಸ್ರಿ."

ನಾನು ತಲೆಯಾಡಿಸಿದೆ. ಆದರೆ ನಾನು ಹೋಟೆಲಿನವನು. ಮಿಕ್ಕ ಇಡ್ಲಿಯನ್ನು ಸಂಜೆ ಉಪ್ಪಿಟ್ಟು ಮಾಡುವ ಜಾತಿ ನಮ್ಮದು. ಹೊಸದರ ಹಾಗಿರುವ ಶೀಟನ್ನು ಪುಡಿ ಮಾಡಲು ಕೈ ಬರುತ್ತದೆಯೇ? ಅದೇ ವಾರ ತುಕಾರಾಮ ಬಂದ. ಬಿಡಕಿನ್‌ನ ಹೊಸ ಕಾರ್ಖಾನೆಗಳ ಕಟ್ಟಡ ಕೆಲಸದವನು, ಮಹಿಬೂಬನ ಊರಿನವನೇ. ಅವನ ಮಗಳು ಮಂಗಲಾ ನಾಸಿಕದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ತಗಡಿನ ಕೋಣೆಯ ಕಾವಿಗೆ ಹದಿನೈದು ದಿನದ ಕೂಸಿನ ಮೈ ತುಂಬ ಬೆವರುಸಾಲೆ ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನೇ ಟೆಂಪೋ ಮಾಡಿಸಿ ಶೀಟುಗಳನ್ನು ಹೇರಿ ಕಳಿಸಿದೆ. ಪುಣ್ಯದ ಕೆಲಸ ಮಾಡಿದೆ ಎಂದು ಆ ದಿನವೆಲ್ಲ ಬೀಗಿದೆ.

ಕೋಣೆ ನಿಜಕ್ಕೂ ತಂಪಾಯಿತು. ಕೂಸನ್ನು ನೋಡಲು ಹೋದ ಮಹಿಬೂಬ ಹೊಸ್ತಿಲಲ್ಲೇ ನಿಂತುಬಿಟ್ಟನಂತೆ. ಮೇಲೆ ಹಳದಿ ಶೀಟು, ಕೆಳಗೆ ಬಾಣಂತಿಯ ಹೊರಸು, ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ. ಅವರಲ್ಲಿ ನೀರೆರೆದ ಮೇಲೆ ತಾಯಿಗೂ ಕೂಸಿಗೂ ಕೆಂಡದ ಕಾವು, ಲೋಬಾನದ ಹೊಗೆ ಕೊಡಲೇಬೇಕು, ಬೇಸಿಗೆಯಾದರೂ ಸರಿ. ಶೇಗಡಿ ಬಿಡಿ ಎಂದರೆ ತುಕಾರಾಮನ ಹೆಂಡತಿ ಗುಂಡವ್ವ ಕೇಳುವವಳಲ್ಲ. ಮಹಿಬೂಬ ಕೂಸನ್ನು ಹೊರಗೆ ಕಳಿಸಿ, ಫೋಮಿನ ಚೂರು ಸುಟ್ಟು ಗುಂಡವ್ವ, ಮಂಗಲಾ ಇಬ್ಬರಿಗೂ ಮೂಸಲು ಕೊಟ್ಟ. ಕಪ್ಪು ಹೊಗೆ, ಗಂಟಲು ಹಿಡಿಯುವ ವಾಸನೆ.

"ಈ ವಾಸನಿ ಬಂದ್ರ ಏನೂ ವಿಚಾರ ಮಾಡಬ್ಯಾಡ್ರಿ," ಎಂದ. "ಕೂಸನ್ನ ಎತಗೊಂಡು ಹೊರಗ ಬರ್ರಿ. ತಿರುಗಿ ಒಳಗ ಹೋಗಬ್ಯಾಡ್ರಿ."

ಅವತ್ತೇ ಶೀಟು ಇಳಿಸಿ, ಮರುದಿನ ರಾಕ್‌ವುಲ್ ತಂದು ಹಾಕಿದ. ಕಲ್ಲು ಕರಗಿಸಿ ಎಳೆದ ನಾರಿನ ದಪ್ಪ ಹಾಸು ಅದು. ಬೆಂಕಿ ಹಿಡಿಯುವುದಿಲ್ಲ, ಆದರೆ ಮೈಗೆ ತಾಗಿದರೆ ತುರಿಕೆ. ಗುಂಡವ್ವ ಮುಖ ಗಂಟಿಕ್ಕಿದಳು. ಕೂಸಿನ ಮೇಲೆ ಒಂದೆಳೆಯೂ ಉದುರಬಾರದೆಂದು ಕೆಳಗೆ ಸಿಮೆಂಟ್ ಬೋರ್ಡು ಹೊಡೆದು ಸಂದುಗಳನ್ನೆಲ್ಲ ಮೆತ್ತಿದ. ನನ್ನನ್ನು ಬೈಯಲಿಲ್ಲ. ಎರಡು ವಾರ ಚಹಾಕ್ಕೆ ಬರಲಿಲ್ಲ, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಇಳಿಸಿದ ಶೀಟನ್ನು ಒಡೆದು ಹಾಕು ಎಂದು ತುಕಾರಾಮನಿಗೆ ಹೇಳಿದ್ದ. ಅವನೂ ನನ್ನ ಹಾಗೆಯೇ ತಲೆಯಾಡಿಸಿದ್ದ.

ಮೇ ತಿಂಗಳ ಕೊನೆಗೆ ತೊಟ್ಟಿಲು ಕಳಿಸುವ ಶಾಸ್ತ್ರವಾಯಿತು. ತವರಿನವರು ತೊಟ್ಟಿಲ ಜೊತೆ ಕೂಸಿಗೆ ಬೇಕಾದದ್ದೆಲ್ಲ ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುವುದು ಅದು. ಮೂರನೆಯ ದಿನ ಬೆಳಿಗ್ಗೆ ಗುಂಡವ್ವ ಉಂಡಿ ಕೊಡಲು ಹೋಟೆಲಿಗೆ ಬಂದಳು. ಮಹಿಬೂಬ ಅಲ್ಲೇ ಕೂತಿದ್ದ. ತೊಟ್ಟಿಲು, ಕುಲಾವಿ, ಬೆಳ್ಳಿಯ ಕಾಲ್ಗಡಗ ಎಂದು ಕೊಟ್ಟದ್ದನ್ನೆಲ್ಲ ಹೇಳಿ, ಕೊನೆಗೆ ಮಹಿಬೂಬನ ಕಡೆ ತಿರುಗಿ ದನಿ ತಗ್ಗಿಸಿದಳು.

"ಸಿಟ್ಟಾಗಬ್ಯಾಡ್ರಿ ಅಣ್ಣಾ. ಆ ಹಳದಿ ಶೀಟೂ ಕಳಿಸೀನಿ. ಅಲ್ಲಿನೂ ತಗಡಿನ ಮನಿನ. ಕೂಸು ತಂಪಿನಾಗ ಮಲಗಲಿ ಅಂತ."

ಮಹಿಬೂಬ ಚಹಾದ ಕಪ್ಪು ಕೆಳಗಿಟ್ಟು ಮಂಗಲಾಗೆ ಫೋನು ಹಚ್ಚಿದ. ಶೀಟುಗಳನ್ನು ನಿನ್ನೆಯೇ ಹೊಡೆಸಿದ್ದರು. ತವರಿನಿಂದ ಬಂದ ತಂಪು ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಈಗ ಕಿತ್ತು ಹಾಕಿ ಎಂದು ಯಾವ ಬಾಯಲ್ಲಿ ಹೇಳಲಿ ಎಂದಳು. ಶೇಗಡಿ ಇಡುತ್ತೀರಾ ಎಂದು ಕೇಳಿದ ಇವನು. ನೀರು ಕಾಯುತ್ತಿದೆ, ಹನ್ನೆರಡಕ್ಕೆ ಎರೆಯುವುದು, ಆಮೇಲೆ ಶೇಗಡಿ ಎಂದಳು. ಇವನು ಬೇಡವೆನ್ನುವಷ್ಟರಲ್ಲಿ ಯಾರೋ ಕರೆದರು, ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆಗ ಹತ್ತು ಗಂಟೆ. ನಾಸಿಕಕ್ಕೆ ನಾಲ್ಕು ಗಂಟೆಯ ದಾರಿ, ನನ್ನ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ರಾಕ್‌ವುಲ್‌ನ ಎರಡು ಸುರುಳಿ, ಅದರ ಮೇಲೆ ಇಕ್ಕಳ. ಮಹಿಬೂಬ ಫೋನು ಮಾಡುತ್ತಲೇ ಇದ್ದ. ವೈಜಾಪುರ ಬಂತು, ಹೋಯಿತು. ನನಗೆ ಭಯವಾಗುತ್ತಿತ್ತು, ಅದಕ್ಕಿಂತ ಹೆಚ್ಚು ನಾಚಿಕೆ. ಆ ಶೀಟು ಮೊದಲು ಹೊಸ್ತಿಲು ದಾಟಿದ್ದು ನನ್ನ ಕೈಯಿಂದ. ಹನ್ನೆರಡಾದಾಗ ಇಬ್ಬರೂ ಗಡಿಯಾರ ನೋಡಿದೆವು.

ಯೇವಲಾ ದಾಟಿದ ಮೇಲೆ ಮಂಗಲಾಳೇ ಫೋನು ಮಾಡಿದಳು. ಮಾತಿಗೆ ಮೊದಲು ಕೆಮ್ಮು ಕೇಳಿಸಿತು.

"ಮಾಮಾ, ಆ ವಾಸನಿ ಬಂತು. ನೀವು ಅವತ್ತ ತೋರಿಸಿದ್ದ. ಕೂಸನ್ನ ಎತಗೊಂಡು ಹೊರಗ ಬಂದೀನಿ."

ಮಹಿಬೂಬ ಕಣ್ಣು ಮುಚ್ಚಿದ. ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಎಲ್ಲಿ ಎಂದು ಕೇಳಿದ.

"ಅವರೂ ಬಂದಿದ್ರು ಮಾಮಾ," ಎಂದಳು. "ತೊಟ್ಟಲಾ ಒಳಗ ಉಳೀತು, ಎರಡ ನಿಮಿಷ ಅಂತ ತಿರುಗಿ ಹೋಗ್ಯಾರ."