ಉಬ್ಬಿದೆ ಎಂದರೆ

ಕೊರೊನಾ ಇಳಿದ ಮರುವರ್ಷ ನಾನು ಶಿರಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞನಾಗಿದ್ದೆ. ಆಗಿನ ಒಂದು ಕೇಸನ್ನು ಕಿರಿಯ ವೈದ್ಯರ ಮುಂದೆ ಹೇಳಿ ಹೇಳಿ ನನ್ನ ನೆನಪು ನುಣುಪಾಗಿಬಿಟ್ಟಿದೆ. ನುಣುಪಾದದ್ದನ್ನು ನಾನು ನಂಬುವುದಿಲ್ಲ. ಆದ್ದರಿಂದ ಬರೆಯುವ ಮೊದಲು ರೋಗಿಗೇ ಫೋನು ಮಾಡಿ ಕೇಳಿದೆ. ಅವಳು ಹೇಳಿದ್ದಕ್ಕೂ ನನ್ನ ನೆನಪಿಗೂ ಒಂದೆರಡು ಕಡೆ ತಾಳೆಯಾಗಲಿಲ್ಲ. ತಾಳೆ ಮಾಡಲು ಹೋಗಿಲ್ಲ.

ರೋಗಿ ಸವಿತಾ, ಎಕ್ಕಂಬಿಯವಳು, ಇಪ್ಪತ್ತೆರಡು ವರ್ಷ. ಚಿಕ್ಕಂದಿನಿಂದ ಕೆಮ್ಮು, ಗಟ್ಟಿ ಕಫ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ತಾಯಿ ಗಿರಿಜಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಧೂಳಿಗೆ ಉಬ್ಬಸ ಬಂದಿದೆ ಎಂದು ಕಂಡವರೆಲ್ಲ ಹೇಳಿದ್ದರಿಂದ ಮಗಳನ್ನು ಅದರೊಳಗೆ ಬಿಡುತ್ತಿರಲಿಲ್ಲ. ಬೆವರಿನಲ್ಲಿರುವ ಉಪ್ಪಿನ ಪರೀಕ್ಷೆ, ಆಮೇಲೆ ಜೀನ್ ಪರೀಕ್ಷೆ ಮಾಡಿಸಿದೆವು. ಅದು ಉಬ್ಬಸವೇ ಅಲ್ಲ, ಸಿಸ್ಟಿಕ್ ಫೈಬ್ರೋಸಿಸ್. ಜೀವಕೋಶದಲ್ಲಿ ಉಪ್ಪು, ನೀರು ಹಾಯುವ ಒಂದು ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಶ್ವಾಸಕೋಶದಲ್ಲೂ ಕರುಳಿನಲ್ಲೂ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ.

ಆ ಬಾಗಿಲನ್ನು ತೆರೆಸುವ ಮಾತ್ರೆಗಳು ಈಗ ಇವೆ. ಆದರೆ ಎಲ್ಲರ ಬಾಗಿಲೂ ಒಂದೇ ರೀತಿ ಕೆಟ್ಟಿರುವುದಿಲ್ಲ. ಸವಿತಾಳ ಜೀನಿನ ದೋಷ ಅಪರೂಪದ್ದು. ಮಾತ್ರೆ ಅವಳಿಗೆ ನಾಟುತ್ತದೆಯೇ ಎಂದು ಹೇಳುವವರಿರಲಿಲ್ಲ. ಔಷಧ ಒದಗಿಸಬೇಕಾದವರು ಪುರಾವೆ ಕೇಳಿದರು. ಇತ್ತ ಅವಳ ಉಸಿರಿನ ಬಲ ಪ್ರತಿ ಭೇಟಿಗೂ ಇಳಿಯುತ್ತಿತ್ತು.

ಪುರಾವೆಗೆ ಒಂದು ದಾರಿಯಿತ್ತು. ನಮ್ಮ ಕರುಳಿನ ಒಳಪೊರೆಯಲ್ಲಿ ಸ್ಟೆಮ್ ಸೆಲ್‌ಗಳಿವೆ. ಸವೆದ ಪೊರೆಯನ್ನು ಮತ್ತೆ ಮತ್ತೆ ಹೊಸದಾಗಿ ಹುಟ್ಟಿಸುವ ಮೂಲಕೋಶಗಳು. ಪೊರೆಯ ಒಂದು ಚೂರನ್ನು ಪ್ರಯೋಗಾಲಯದಲ್ಲಿ ಸರಿಯಾಗಿ ಸಾಕಿದರೆ ಅವು ಪುಟ್ಟ ಟೊಳ್ಳು ಗುಳ್ಳೆಗಳಾಗಿ ಬೆಳೆಯುತ್ತವೆ. ಇವಕ್ಕೆ ಆರ್ಗನಾಯ್ಡ್ ಎನ್ನುತ್ತೇವೆ: ರೋಗಿಯದೇ ಕರುಳಿನ ಮರಿ ಮಾದರಿ. ಬಾಗಿಲು ಸರಿಯಿದ್ದರೆ, ಒಂದು ರಾಸಾಯನಿಕ ಹಾಕಿದಾಗ ಒಳಗೆ ನೀರು ತುಂಬಿ ಗುಳ್ಳೆ ಉಬ್ಬುತ್ತದೆ. ಸವಿತಾಳ ಗುಳ್ಳೆಗಳು ಹಾಗೆ ಉಬ್ಬಲಾರವು. ಮಾತ್ರೆಯ ಔಷಧ ಸೇರಿಸಿದ ಮೇಲೆ ಉಬ್ಬಿದರೆ, ಅದು ಅವಳಿಗೆ ನಾಟುತ್ತದೆ ಎಂದರ್ಥ.

ಚೂರನ್ನು ಗುದದ್ವಾರದ ಒಳಗಿನಿಂದ ತೆಗೆಯಬೇಕು, ನೋಯುವುದಿಲ್ಲ ಎಂದೆ. ಗಿರಿಜಮ್ಮ ಗೋಡೆ ನೋಡಿದರು. ಸವಿತಾ ಮಾತ್ರ ನನ್ನನ್ನೇ ನೋಡಿದಳು.

"ರೋಗ ಎದಿಯಾಗ, ಚೂರು ಅಲ್ಲಿಂದ. ರಸ್ತಾ ತಪ್ಪೀರೇನ್ರಿ ಡಾಕ್ಟ್ರ?"

"ಬಾಗಿಲು ಎರಡೂ ಕಡೆ ಒಂದೇ. ಇದು ಹತ್ತಿರದ ದಾರಿ."

"ನಿಮಗ ಹತ್ತರ ಬಿಡ್ರಿ" ಎಂದು ಒಪ್ಪಿಕೊಂಡಳು.

ಚೂರು ತಣ್ಣನೆಯ ಡಬ್ಬಿಯಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಯಿತು. ಕೆಲವು ವಾರಗಳ ನಂತರ ಅಲ್ಲಿಂದ ವಿಡಿಯೋ ಬಂತು. ಗುಳ್ಳೆಗಳು ಉಬ್ಬಿದ್ದವು, ನಾನು ಆಸೆಪಟ್ಟಿದ್ದಕ್ಕಿಂತ ಹೆಚ್ಚು. ಕೂಡಲೇ ಗಿರಿಜಮ್ಮನಿಗೆ ಫೋನು ಮಾಡಿದೆ. ಆಚೆ ಗಿರಣಿಯ ಅಬ್ಬರ.

"ಉಬ್ಬಿದೆ ಗಿರಿಜಮ್ಮ, ಚೆನ್ನಾಗಿ ಉಬ್ಬಿದೆ!" ಎಂದು ಕೂಗಿದೆ. ಮುಂದಿನದನ್ನು ಹೇಳುತ್ತಿರುವಾಗ ಫೋನು ಕಡಿದುಹೋಯಿತು. 'ಚೆನ್ನಾಗಿ' ಎಂದದ್ದು ನನಗೆ ಖಚಿತ. ಗಿರಿಜಮ್ಮ ಕೇಳಿಸಿಕೊಂಡದ್ದು 'ಪೂರಾ' ಎಂದು ಸವಿತಾ ಈಗಲೂ ವಾದಿಸುತ್ತಾಳೆ.

ಔಷಧದ ಅರ್ಜಿಗೆ ತಾಯಿ, ಮಗಳ ಸಹಿಗಳು ಬೇಕಿದ್ದವು. ಅವರು ಬರಲಿಲ್ಲ. ಫೋನು ಎತ್ತಲಿಲ್ಲ. ಮರುವಾರ ನಾನೇ ಎಕ್ಕಂಬಿಗೆ ಹೋದೆ. ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ಓಡುತ್ತದೆ. ಆದರೆ ಅದು ಒಣ ಬಿಸಿಲಿನ ದಿನ.

ಗಿರಿಜಮ್ಮ ನನ್ನನ್ನು ಕಂಡರೂ ಗಿರಣಿ ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಕೂಗಿದರು: "ಮತ್ತ್ಯಾಕ ಬಂದ್ರಿ? ಛಂದಂಗಿದ್ದ ಕರಳು ಕತ್ತರಿಸಿ ಉಬ್ಬಿಸಿ ಇಟ್ರಿ. ಇನ್ನೇನ್ ಉಳದೈತಿ?"

ಹಿಂದಿನ ಕೋಣೆಯಲ್ಲಿ ಸವಿತಾ ಮಲಗಿದ್ದಳು. ಚೂರು ತೆಗೆದ ಜಾಗ ಬಾತಿದೆ ಎಂದುಕೊಂಡು ತಾಯಿ ಊಟ ಬಿಡಿಸಿ ಬರೀ ಗಂಜಿ ಕೊಡುತ್ತಿದ್ದರು. ಊಟವೇ ಇಲ್ಲವೆಂದು, ಊಟದೊಡನೆ ನುಂಗಲು ನಾನು ಕೊಟ್ಟಿದ್ದ ಜೀರ್ಣದ ಕ್ಯಾಪ್ಸೂಲ್‌ಗಳನ್ನೂ ನಿಲ್ಲಿಸಿದ್ದರು. ಈ ರೋಗದವರಿಗೆ ಇಮ್ಮಡಿ ಊಟ ಬೇಕು. ತೂಕ ಇಳಿದರೆ ಶ್ವಾಸಕೋಶವೂ ಇಳಿಯುತ್ತದೆ. ಅವಳ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು.

"ಅವ್ವ ತಾಸಿಗೊಮ್ಮೆ ಹೊಟ್ಟಿ ಒತ್ತಿ ನೋಡ್ತಾಳ್ರಿ," ಎಂದಳು ಸವಿತಾ. "ಉಬ್ಬಿಲ್ಲಬೇ ಅಂದ್ರ, ಡಾಕ್ಟರಕಿಂತ ನಿನಗ ಗೊತ್ತನ ಅಂತಾಳ."

ನಾನು ಗಿರಣಿಗೆ ಮರಳಿ, ಆ ವಿಡಿಯೋ ಹಾಕಿ ಮೊಬೈಲನ್ನು ಗಿರಿಜಮ್ಮನ ಮುಂದೆ ಹಿಡಿದೆ. ಅವರು ನೋಡಲಿಲ್ಲ. ಸವಿತಾ ಎದ್ದು ಬಂದು, ಎಂದೂ ದಾಟದ ಹೊಸ್ತಿಲು ದಾಟಿ, ತಾನೇ ಸ್ವಿಚ್ ಆರಿಸಿದಳು. ತಾನು ಹಾಗೆ ಮಾಡಿಯೇ ಇಲ್ಲ, ಕರೆಂಟು ಹೋಯಿತು ಎನ್ನುತ್ತಾಳೆ ಅವಳು. ಏನೇ ಇರಲಿ, ಸದ್ದು ನಿಂತಿತು.

ತೆರೆಯ ಮೇಲೆ ಎರಡು ಚೌಕ. ಎಡಗಡೆ ಔಷಧವಿಲ್ಲದ ಗುಳ್ಳೆಗಳು ಅಲ್ಲಾಡದೆ ಕೂತಿದ್ದವು. ಬಲಗಡೆಯವು ನೋಡನೋಡುತ್ತಿದ್ದಂತೆ ತುಂಬಿಕೊಂಡು ದುಂಡಗಾದವು.

"ಇವು ಈಕೀವ?" ಎಂದರು ಗಿರಿಜಮ್ಮ.

"ಹೌದು. ತಟ್ಟೆಯಲ್ಲಿರೋ ಇವು ಉಬ್ಬಿದ್ದು. ಸವಿತಾಳ ಹೊಟ್ಟೆ ಅಲ್ಲ."

"ಉಬ್ಬಿದ್ರ ಛಲೋನೋ, ಕೆಟ್ಟೋ?"

"ಛಲೋ. ಮಾತ್ರೆ ಇವಳಿಗೆ ನಾಟುತ್ತೆ."

ಇನ್ನೊಮ್ಮೆ ಹಾಕಿಸಿ ನೋಡಿದರು. ಸೆರಗಿನಿಂದ ಮೊಬೈಲಿಗೆ ಹತ್ತಿದ್ದ ಹಿಟ್ಟು ಒರೆಸಿದರು. "ಮೊದ್ಲ ಛಲೋ ಅನ್ರಿ, ಆಮ್ಯಾಲ ಎಷ್ಟಾರ ಉಬ್ಬಿಸ್ರಿ" ಎಂದು ನನಗೆ ಬೈದು, ಮಗಳತ್ತ ತಿರುಗಿದರು: "ನಿಂತ ಏನ್ ನೋಡ್ತಿ? ರೊಟ್ಟಿ ಬಡೀತೀನಿ, ಆ ಜೀರ್ಣದ ಗುಳಿಗಿ ತಗದಿಡು."

ಪುರಾವೆ ಸಾಕಾಯಿತು, ಔಷಧ ಬಂತು. ವಿಜ್ಞಾನದ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ವೃತ್ತಿ ಕಲಿಸಿದ್ದು ಬೇರೆಯೇ: ಫಲಿತಾಂಶವನ್ನು ನಾನು ಹೇಳಿದರೆ ಅರ್ಧ ಕೆಲಸ, ಕೇಳಿದವರ ಬಾಯಿಂದ ತಿರುಗಿ ಕೇಳಿದರೆ ಪೂರ್ತಿ. ಅಂದಿನಿಂದ ಹಾಗೆಯೇ ಮಾಡುತ್ತೇನೆ. ಮೊದಲು ಮಾಡಿದ್ದು ಗಿರಿಜಮ್ಮನ ಜೊತೆ. ಮಾತ್ರೆಯನ್ನು ಜಿಡ್ಡಿನ ಊಟದೊಡನೆ ಕೊಡಬೇಕು, ಕೆಲವು ಗಂಟೆಗಳಲ್ಲಿ ಕಫ ಸಡಿಲಾಗಿ ವಿಪರೀತ ಬರಬಹುದು ಎಂದು ತಿಳಿಸಿ, ಅವರಿಂದ ಎರಡು ಸಲ ಹೇಳಿಸಿದೆ.

ಮೊದಲ ಮಾತ್ರೆಯನ್ನು ತುಪ್ಪ ಸುರಿದ ಅನ್ನದೊಡನೆ ಆಸ್ಪತ್ರೆಯಲ್ಲೇ ಕೊಟ್ಟೆವು. ಮಧ್ಯಾಹ್ನ ಸವಿತಾ ಕೆಮ್ಮತೊಡಗಿದಳು. ಅಂಥ ಕೆಮ್ಮನ್ನು ನಾನೂ ಕೇಳಿರಲಿಲ್ಲ. ಹೊಸ ನರ್ಸ್ ಗಾಬರಿಯಿಂದ ಆಕ್ಸಿಜನ್ ಎಳೆದುಕೊಂಡು ಓಡಿ ಬಂದಳು, ಅವಳ ಹಿಂದೆಯೇ ನಾನು. ಗಿರಿಜಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಂಜಬ್ಯಾಡ್ರಿ," ಎಂದರು ನಮ್ಮಿಬ್ಬರಿಗೂ. "ಇಪ್ಪತ್ತೆರಡು ವರ್ಷದ್ದು ಹೊಂಟೈತಿ. ಹೋಗ್ಲಿ ಬಿಡ್ರಿ."